ಆಟದ ಬಯಲಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕ

ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುತ್ತಿರುವವನು. ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ನನ್ನಂಥವನು ಲೇಖನ ಬರೆಯಲು ಹೊರಟಿರುವುದಕ್ಕೆ ಮನೆಯದೇ ಆದ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುವುದು ಯುಕ್ತ.

ನನ್ನ ಅಕ್ಕನ ಮಗಳು ಹಾಸನದವಳು. ಮೂರು ವರ್ಷಗಳ ಹಿಂದೆ ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಬಂದು, ಎರ್ನಾಕುಲಂನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಬಿ.ಎ. ತರಗತಿಗೆ ಸೇರಿದಳು. ಶಾಲೆಯ ದಿನಗಳಿಂದಲೂ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಆಕೆಗೆ ಒಳ್ಳೆಯ ಹೆಸರಿತ್ತು. ಅಭ್ಯಾಸದ ಓಟಗಳಲ್ಲಿ ಆಕೆಯನ್ನು ಹಿಂದೆ ಹಾಕುವವರು ಆ ಮೈದಾನದಲ್ಲಿ ಇರಲಿಲ್ಲ. ಆದರೆ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆ ನಡೆದ ದಿನ, ಆರಂಭದ ಗೆರೆಯ ಬಳಿ ನಿಂತಾಗಲೇ ಕಾಲುಗಳು ಮರಗಟ್ಟಿದಂತಾದುವಂತೆ. ಎರಡನೆಯ ಹರ್ಡಲಿಗೆ ಹೆಜ್ಜೆಯ ಲೆಕ್ಕ ತಪ್ಪಿ ಅಲ್ಲಿಯೇ ನಿಂತುಬಿಟ್ಟಳು. ಮರುವರ್ಷವೂ ಹಾಗೆಯೇ ಆಯಿತು. ತರಬೇತುದಾರರು ‘ನಿನಗೆ ಧೈರ್ಯ ಸಾಲದು’ ಎಂಬ ಒಂದು ಮಾತಿನಲ್ಲಿ ವಿಷಯವನ್ನು ಮುಗಿಸಿದರು. ಆಕೆ ಸ್ಪೈಕ್ ಬೂಟುಗಳನ್ನು ಅಟ್ಟದ ಮೇಲೆ ಇಟ್ಟಳು. ಊಟದ ಹೊತ್ತಿನಲ್ಲಿಯೂ ಮಾತು ಕಡಮೆಯಾಯಿತು. ಕೆಲವು ತಿಂಗಳುಗಳು ಕಳೆದ ಮೇಲೆ ಒಂದು ರಾತ್ರಿ, ‘ಮಾಮ, ನಾನು ಎಂ.ಎಸ್ಸಿ. ಮಾಡಿ ಕ್ರೀಡಾ ಮನಶ್ಶಾಸ್ತ್ರದ ಅಧ್ಯಾಪಕಿಯಾಗ್ತೀನಿ’ ಎಂದಳು.

ಮರುದಿನವೇ ಅಕ್ಕನ ದೂರವಾಣಿ ಬಂತು. ‘ನೀನಾದ್ರೂ ಬುದ್ಧಿ ಹೇಳೋ. ಬ್ಯಾಂಕ್ ಪರೀಕ್ಷೆಗೆ ಕೂರಿಸು. ಆಟಕ್ಕೂ ಮನಸ್ಸಿಗೂ ಗಂಟು ಹಾಕಿ ಪಾಠ ಹೇಳೋ ಕೆಲಸ ಅಂತ ಎಲ್ಲಾದ್ರೂ ಇದೆಯೇನೋ?’ ನಿಜ ಹೇಳುವುದಾದರೆ ನನಗೂ ಅದೇ ಸಂದೇಹವಿತ್ತು. ಬ್ಯಾಂಕಿನವನಿಗೆ ಯಾವ ವೃತ್ತಿಯ ಹೆಸರು ಕೇಳಿದರೂ ಮೊದಲು ಹೊಳೆಯುವುದು ತಿಂಗಳ ಕೊನೆಯ ಸಂಬಳ. ಆದರೂ ಸಾಲದ ಅರ್ಜಿಯನ್ನೇ ಓದದೆ ತಿರಸ್ಕರಿಸುವುದು ನಮ್ಮ ಕ್ರಮವಲ್ಲ. ಹೀಗಾಗಿ ಕೆಲವು ತಿಂಗಳು ಈ ವಿಷಯವನ್ನು ಓದಿದೆ, ತಿಳಿದವರನ್ನು ಕಂಡು ಕೇಳಿದೆ. ಇಲ್ಲಿರುವುದು ಆ ವಿಚಾರಣೆಯ ಫಲ.

ಈ ಶಾಸ್ತ್ರವು ನಿನ್ನೆ ಮೊನ್ನೆ ಹುಟ್ಟಿದ್ದೆಂದು ನಾನು ಭಾವಿಸಿದ್ದೆ. ಹಾಗಲ್ಲ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು, ಸೈಕಲ್ ಸವಾರರು ಒಂಟಿಯಾಗಿ ತುಳಿಯುವುದಕ್ಕಿಂತ ಜೊತೆಯಲ್ಲಿ ಬೇರೊಬ್ಬನಿದ್ದಾಗ ಹೆಚ್ಚು ವೇಗವಾಗಿ ಸಾಗುವರೆಂಬುದನ್ನು ಗಮನಿಸಿ, ಅದರ ಕಾರಣವನ್ನು ತಿಳಿಯಲು ಒಂದು ಪ್ರಯೋಗ ನಡೆಸಿದರು. ನಲವತ್ತು ಮಂದಿ ಮಕ್ಕಳ ಕೈಗೆ ಗಾಳದ ದಾರ ಸುತ್ತುವ ರಾಟೆಯನ್ನು ಕೊಟ್ಟು, ಒಮ್ಮೆ ಒಬ್ಬರೇ ಸುತ್ತುವಂತೆಯೂ ಒಮ್ಮೆ ಪಕ್ಕದಲ್ಲಿ ಸ್ಪರ್ಧಿಯನ್ನಿಟ್ಟುಕೊಂಡು ಸುತ್ತುವಂತೆಯೂ ಹೇಳಿದರು. ಸ್ಪರ್ಧಿಯಿದ್ದಾಗ ಮಕ್ಕಳ ಕೈ ಚುರುಕಾಯಿತೆಂದಷ್ಟೇ ಈ ಪ್ರಯೋಗವನ್ನು ಸಾಮಾನ್ಯವಾಗಿ ನೆನೆಯುತ್ತಾರೆ. ನನ್ನ ಗಮನವನ್ನು ಸೆಳೆದದ್ದು ಬೇರೆ. ಇಪ್ಪತ್ತು ಮಕ್ಕಳು ಚುರುಕಾದರು. ಹತ್ತು ಮಂದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿದ ಹತ್ತು ಮಂದಿ ಸ್ಪರ್ಧಿಯನ್ನು ಕಂಡು ಮೊದಲಿಗಿಂತ ನಿಧಾನವಾದರು. ಕೈಕಾಲು ಅವೇ, ರಾಟೆಯೂ ಅದೇ. ನಮ್ಮ ಹುಡುಗಿ ಈ ಕೊನೆಯ ಹತ್ತು ಮಂದಿಯ ಗುಂಪಿಗೆ ಸೇರಿದವಳು. ಇದಕ್ಕೆ ಧೈರ್ಯದ ಕೊರತೆಯೆಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಸುಲಭ, ಕಾರಣವನ್ನು ಹುಡುಕುವುದು ಕಷ್ಟ.

ವಿಶ್ವವಿದ್ಯಾನಿಲಯದ ಅಧ್ಯಾಪಕನೊಬ್ಬನು ಇದನ್ನೇ ತನ್ನ ವೃತ್ತಿಯಾಗಿಸಿಕೊಂಡ ಮೊದಲ ಉದಾಹರಣೆಗಳಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಕೋಲ್ಮನ್ ಗ್ರಿಫಿತ್ ಅವರದು ಮುಖ್ಯವಾದುದು. 1925ರಲ್ಲಿ ಅವರ ನೇತೃತ್ವದಲ್ಲಿ ಕ್ರೀಡೆಯ ಅಧ್ಯಯನಕ್ಕಾಗಿಯೇ ಪ್ರಯೋಗಾಲಯವೊಂದು ಆರಂಭವಾಯಿತು. 1932ರಲ್ಲಿ ಹಣದ ಅಭಾವದಿಂದ ಅದನ್ನು ಮುಚ್ಚಲಾಯಿತು. (ಆರ್ಥಿಕ ಮುಗ್ಗಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಯಾವ ಖಾತೆಗೆ ಎಂಬುದು ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.) 1938ರಲ್ಲಿ ಶಿಕಾಗೋ ಕಬ್ಸ್ ಎಂಬ ಬೇಸ್‌ಬಾಲ್ ತಂಡದ ಒಡೆಯರು ಗ್ರಿಫಿತರನ್ನು ಸಲಹೆಗಾಗಿ ಕರೆಸಿಕೊಂಡರು. ಅವರ ಮಾತನ್ನು ತಂಡದ ವ್ಯವಸ್ಥಾಪಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕ ಓದಿದವನು ಆಟ ಆಡಿದವನಿಗೆ ಏನು ಹೇಳಿಕೊಟ್ಟಾನು ಎಂಬ ಆ ಅಸಹನೆ ಇಂದಿಗೂ ಪೂರ್ತಿ ಅಳಿದಿಲ್ಲವೆಂದು ಈ ವೃತ್ತಿಯವರು ಹೇಳುತ್ತಾರೆ. 1965ರಲ್ಲಿ ರೋಮ್ ನಗರದಲ್ಲಿ ಕ್ರೀಡಾ ಮನಶ್ಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾದ ಮೇಲೆ ಈ ವಿಷಯಕ್ಕೆ ಲೋಕದಲ್ಲಿ ಒಂದು ಸ್ಥಾನ ದೊರೆಯಿತು.

ಮನಶ್ಶಾಸ್ತ್ರದ ಮಾತು ಬಂದಾಗ ಕನ್ನಡಿಗರಾದ ನಾವು ನೆನೆಯಬೇಕಾದ ಒಂದು ಸಂಗತಿಯುಂಟು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್ಮನ್ ಅವರ ಬಳಿ ಕಲಿತು ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಪ್ರಸಾರ ಕೇಂದ್ರವನ್ನು ಆರಂಭಿಸಿದವರೂ ಇವರೇ. ಆಕಾಶವಾಣಿಯನ್ನು ಬಲ್ಲ ನಮಗೆ ಅವರ ಪ್ರಯೋಗಾಲಯದ ನೆನಪಿಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ, ‘ಮೈಸೂರಲ್ಲೇ ಇತ್ತಾ?’ ಎಂದು ಆಕೆಯ ಧ್ವನಿ ತುಸು ಮೆದುವಾಯಿತು.

ನಾನು ವಾಸಿಸುವ ತ್ರಿಪ್ಪುಣಿತ್ತುರಕ್ಕೂ ಕ್ರೀಡೆಗೂ ಇರುವ ನಂಟು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಹಿಲ್ ಪ್ಯಾಲೇಸ್, ಪೂರ್ಣತ್ರಯೀಶನ ದೇವಾಲಯ, ಓಣಂ ಕಾಲದ ಅತ್ತಚ್ಚಮಯ ಇವುಗಳಿಂದ ಊರು ಪ್ರಸಿದ್ಧ. ಆದರೆ ಇಲ್ಲಿನ ಪ್ಯಾಲೇಸ್ ಓವಲ್ ಮೈದಾನದಲ್ಲಿ, ಕೊಚ್ಚಿ ರಾಜಮನೆತನದ ಕೇಳಪ್ಪನ್ ತಂಬುರಾನ್ ಅವರ ಕಲ್ಪನೆಯಂತೆ 1951ರಲ್ಲಿ ಪೂಜಾ ಕ್ರಿಕೆಟ್ ಪಂದ್ಯಾವಳಿ ಆರಂಭವಾಯಿತು. ಅದು ಸೀಮಿತ ಓವರುಗಳ ಪಂದ್ಯಾವಳಿ. ಇಂಗ್ಲೆಂಡಿನಲ್ಲಿ ಜಿಲೆಟ್ ಕಪ್ ನಡೆದದ್ದು 1963ರಲ್ಲಿ! ಐದು ದಿನಗಳ ಆಟದಲ್ಲಿ ತಪ್ಪನ್ನು ನಾಳೆ ತಿದ್ದಿಕೊಳ್ಳಬಹುದು. ಚೆಂಡುಗಳನ್ನು ಎಣಿಸಿ ಕೊಡುವ ಆಟದಲ್ಲಿ ಆ ಅವಕಾಶವಿಲ್ಲ. ಹಾಗಾಗಿ ಸೀಮಿತ ಓವರುಗಳ ಆಟವು ಮನಸ್ಸಿನ ಮೇಲೆ ಹೆಚ್ಚು ಹೊರೆ ಹಾಕುವಂಥದೆಂದು ನನ್ನ ಸ್ವಂತ ಊಹೆ. ಪಂಡಿತರು ಒಪ್ಪಬೇಕೆಂಬ ಹಟವಿಲ್ಲ.

ಈ ವೃತ್ತಿಯವರನ್ನು ಕಣ್ಣಾರೆ ಕಾಣಬೇಕೆಂದು ಒಂದು ಶನಿವಾರ ಮುಂಜಾನೆ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಹೋದೆ. ಸೊಸೆಯೂ ಜೊತೆಗಿದ್ದಳು. ನಗರದ ಹೊರವಲಯದ ಕಾರ್ಯವಟ್ಟಂನಲ್ಲಿ ಕೇರಳ ವಿಶ್ವವಿದ್ಯಾನಿಲಯದ ಆವರಣವಿದೆ. ಅಲ್ಲಿಯೇ 1985ರಲ್ಲಿ ಸ್ಥಾಪಿತವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು ಇದೆ. ಗ್ವಾಲಿಯರಿನಲ್ಲಿ 1957ರಿಂದ ಇರುವ ಇದೇ ಹೆಸರಿನ ಸಂಸ್ಥೆಯ ತಂಗಿಯೆನ್ನಬಹುದು. ತಿರುವನಂತಪುರದ ಈ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ಡಾ. ಎಂ. ಎಲ್. ಕಮಲೇಶ್ ಅವರ ಹೆಸರು ನಮ್ಮ ದೇಶದ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆಲ್ಲ ಚಿರಪರಿಚಿತ. ಕ್ರೀಡಾ ಮನಶ್ಶಾಸ್ತ್ರವನ್ನು ಕುರಿತು ಅವರು ಬರೆದ ಪಠ್ಯಪುಸ್ತಕ ಅನೇಕ ಕಾಲೇಜುಗಳಲ್ಲಿ ಬಳಕೆಯಾಯಿತು. ಕ್ರೀಡಾಪಟುವಿನ ಸಾಧನೆಯ ಹಂಬಲವನ್ನು ಅಳೆಯಲು ಅವರು ರೂಪಿಸಿದ ಪರೀಕ್ಷೆಯಲ್ಲಿ ಇಪ್ಪತ್ತು ಹೇಳಿಕೆಗಳಿವೆ, ಪ್ರತಿ ಹೇಳಿಕೆಗೂ ಎರಡು ಮುಕ್ತಾಯಗಳು, ಒಂದನ್ನು ಆರಿಸಬೇಕು, ಗರಿಷ್ಠ ಅಂಕ 40. ಇಂದಿಗೂ ನಮ್ಮ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಲ್ಲಿ ಇದರ ಬಳಕೆಯುಂಟು. ಹೊರದೇಶದ ಪ್ರಶ್ನಾವಳಿಗಳನ್ನೇ ನೆಚ್ಚಿದ್ದ ಕಾಲದಲ್ಲಿ ಇಲ್ಲಿಯ ಅಧ್ಯಾಪಕರೊಬ್ಬರು ತಮ್ಮದೇ ಅಳತೆಗೋಲನ್ನು ಮಾಡಿದ್ದು ಸಣ್ಣ ಕೆಲಸವಲ್ಲ.

ನಾವು ಕಾಣಲು ಹೋದದ್ದು ಆ ಊರಿನಲ್ಲಿ ನೆಲೆಸಿರುವ, ಇದೇ ವಿಷಯವನ್ನು ಬೋಧಿಸಿ ನಿವೃತ್ತರಾದ ಒಬ್ಬ ಹಿರಿಯರನ್ನು. ಅವರು ಮೊದಲು ಮಾಡಿದ್ದು ಸೊಸೆಯ ಕೈಗೆ ಒಂದು ಹಾಳೆ ಕೊಟ್ಟದ್ದು. ರೈನರ್ ಮಾರ್ಟೆನ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರು 1977ರಲ್ಲಿ ಪ್ರಕಟಿಸಿದ ಸ್ಪರ್ಧಾ ಆತಂಕದ ಪರೀಕ್ಷೆ ಅದು. ಹದಿನೈದು ವಾಕ್ಯಗಳು, ‘ಅಪರೂಪ’, ‘ಕೆಲವೊಮ್ಮೆ’, ‘ಆಗಾಗ’ ಎಂದು ಗುರುತು ಹಾಕಬೇಕು. ಅಂಕ ಕೊಡುವುದು ಹತ್ತಕ್ಕೆ ಮಾತ್ರ. ಉಳಿದ ಐದು, ಪರೀಕ್ಷೆಯ ಉದ್ದೇಶವನ್ನು ಉತ್ತರಿಸುವವನು ಸುಲಭವಾಗಿ ಊಹಿಸದಂತೆ ಬೆರೆಸಿದವು. ಹತ್ತರಿಂದ ಮೂವತ್ತರವರೆಗೆ ಅಂಕ ಬರಬಹುದು. 24ಕ್ಕಿಂತ ಹೆಚ್ಚಾದರೆ ಆತಂಕ ಅಧಿಕವೆಂದು ಲೆಕ್ಕ. ಸೊಸೆಗೆ 27 ಬಂತು. ಹಿರಿಯರು ಅದನ್ನು ರೋಗದ ಹೆಸರಿನಂತೆ ಹೇಳಲಿಲ್ಲ. ಎತ್ತರ, ತೂಕ ಹೇಳುವಂತೆ ಹೇಳಿದರು. ಆಕೆಯ ಮುಖ ಅರಳಿದ್ದನ್ನು ನಾನು ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಕಂಡೆ.

ಅವರ ವಿವರಣೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆತಂಕಕ್ಕೆ ಎರಡು ಮುಖಗಳು. ಒಂದು ದೇಹದ್ದು: ಎದೆ ಬಡಿತ ಏರುವುದು, ಅಂಗೈ ಬೆವರುವುದು, ಸ್ನಾಯುಗಳು ಬಿಗಿಯುವುದು. ಮತ್ತೊಂದು ಆಲೋಚನೆಯದು: ಸೋತರೆ ಏನೆಂದಾರು, ಕಳೆದ ಸಲದಂತೆ ಆದರೆ ಏನು ಗತಿ ಎಂಬ ಒಳಮಾತು. ದೇಹದ ಉದ್ರೇಕ ಸ್ವಲ್ಪವಿದ್ದರೆ ಒಳ್ಳೆಯದೇ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ, ಕಠಿನವಾದ ಕೆಲಸದಲ್ಲಿ ಉತ್ತೇಜನವು ಒಂದು ಮಟ್ಟದವರೆಗೆ ಸಹಾಯಕವೆಂದೂ ಅದನ್ನು ಮೀರಿದರೆ ಬಾಧಕವೆಂದೂ ತಿಳಿಯಿತು. ಈ ಮಟ್ಟ ಎಲ್ಲರಿಗೂ ಒಂದೇ ಅಲ್ಲ. ಭಾರ ಎತ್ತುವವನಿಗೆ ಬೇಕಾದ ಕಾವು ಬಂದೂಕಿನ ಗುರಿಕಾರನಿಗೆ ಒದಗಿದರೆ ಕೈ ನಡುಗೀತು.

ಇನ್ನೊಂದು ಸೂಕ್ಷ್ಮವಿದೆ. ಸಾವಿರ ಸಲ ಮಾಡಿ ರೂಢಿಯಾದ ಕೆಲಸವನ್ನು ದೇಹ ತಾನಾಗಿಯೇ ಮಾಡುತ್ತದೆ. ಭಯದ ಹೊತ್ತಿನಲ್ಲಿ ಮನಸ್ಸು ಮಧ್ಯೆ ಬಂದು ಪ್ರತಿ ಹೆಜ್ಜೆಯನ್ನೂ ತಾನೇ ನೋಡಿಕೊಳ್ಳಲು ತೊಡಗಿದರೆ ಓಘ ಕೆಡುತ್ತದೆ. ನೋಟು ಎಣಿಸುವಾಗ ಬೆರಳಿನ ಮೇಲೆ ಗಮನವಿಟ್ಟರೆ ಲೆಕ್ಕ ತಪ್ಪುವುದು ನನಗೆ ಅನುಭವದ ಮಾತು. ಹರ್ಡಲ್ಸಿನಲ್ಲಿ ಎರಡು ತಡೆಗಳ ನಡುವೆ ಇಂತಿಷ್ಟೇ ಹೆಜ್ಜೆಗಳೆಂದು ಲೆಕ್ಕವಿರುವುದರಿಂದ ಅಲ್ಲಿ ಈ ತೊಡಕು ಹೆಚ್ಚು. ಕೇರಳದ ಮಣ್ಣಿನಲ್ಲಿ ಈ ಮಾತು ಬಂದರೆ ಪಿ. ಟಿ. ಉಷಾ ನೆನಪಾಗದಿರಲಾರರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಅಂತಿಮ ಓಟದಲ್ಲಿ ಬೇರೊಬ್ಬ ಸ್ಪರ್ಧಿಯ ತಪ್ಪು ಆರಂಭದಿಂದಾಗಿ ಎಲ್ಲರೂ ಮರಳಿ ಗೆರೆಗೆ ಬರಬೇಕಾಯಿತು. ಅದರಿಂದ ತಮ್ಮ ಲಯ ಕೆಟ್ಟಿತೆಂದು ಉಷಾ ಅನಂತರ ಹೇಳಿದ್ದುಂಟು. ರುಮೇನಿಯದ ಕೊಜೊಕಾರು 55.41 ಸೆಕೆಂಡು, ಉಷಾ 55.42. ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ. ಅದೇ ಉಷಾ 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದು ಬಂದರು. ಒಂದು ಓಟದ ಫಲಿತಾಂಶದಿಂದ ಯಾರ ಎದೆಗಾರಿಕೆಯನ್ನೂ ಅಳೆಯಬಾರದೆಂದು ಹಿರಿಯರು ಸೊಸೆಗೆ ಹೇಳಿದ್ದು ಇದನ್ನೇ ಇಟ್ಟುಕೊಂಡು.

ಹಾಗಾದರೆ ಅಧ್ಯಾಪಕನು ಮಾಡುವ ಚಿಕಿತ್ಸೆ ಏನು? ಚಿಕಿತ್ಸೆಯೆಂಬ ಮಾತೇ ಸರಿಯಲ್ಲ. ಇದು ಅಭ್ಯಾಸ. ಉಸಿರನ್ನು ನಿಧಾನವಾಗಿ ಬಿಡುವುದು. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವುದು. ಕಣ್ಣುಮುಚ್ಚಿ ಇಡೀ ಓಟವನ್ನು ಮನಸ್ಸಿನಲ್ಲಿಯೇ ಓಡುವುದು. ‘ಗೆಲ್ಲಬೇಕು’ ಎಂಬ ಗುರಿಯ ಬದಲು ‘ಮೊದಲ ತಡೆಯವರೆಗೆ ನನ್ನ ಹೆಜ್ಜೆ’ ಎಂಬ, ತನ್ನ ಕೈಯಲ್ಲಿರುವ ಗುರಿಯನ್ನು ಇಟ್ಟುಕೊಳ್ಳುವುದು. ಗೆರೆಗೆ ಬರುವ ಮುನ್ನ ಪ್ರತಿಸಲವೂ ಒಂದೇ ಕ್ರಮವನ್ನು ಅನುಸರಿಸುವುದು. ವಾರಗಟ್ಟಲೆ, ತಿಂಗಳುಗಟ್ಟಲೆ ಇವುಗಳನ್ನು ಅಭ್ಯಾಸ ಮಾಡಬೇಕು. ಸ್ಪರ್ಧೆಯ ಹಿಂದಿನ ದಿನ ಬಂದು ಮಂತ್ರ ಕೇಳಿದರೆ ಕೊಡಲು ಅವರ ಬಳಿ ಏನೂ ಇಲ್ಲ. ನಾಸಿಕದಲ್ಲಿದ್ದ, ಪೊಲೀಸ್ ಅಧಿಕಾರಿಯಾಗಿದ್ದ ಭೀಷ್ಮರಾಜ್ ಬಾಮ್ ಅವರು ಯೋಗದ ಹಿನ್ನೆಲೆಯಿಂದ ಇಂಥ ಮಾರ್ಗದರ್ಶನ ನೀಡುತ್ತಿದ್ದರು. ಅವರ ಪುಸ್ತಕಕ್ಕೆ ಮುನ್ನುಡಿ ಬರೆದವರು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. 2011ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದೊಡನೆ ಪ್ಯಾಡಿ ಅಪ್ಟನ್ ಇದ್ದರು. 2024ರಲ್ಲಿ ಚದುರಂಗದ ವಿಶ್ವಪಟ್ಟ ಗೆದ್ದ ಗುಕೇಶರಿಗೂ ಅವರೇ ಮಾನಸಿಕ ಸಿದ್ಧತೆಯ ಗುರು.

ಈ ವೃತ್ತಿಯ ಧರ್ಮಸಂಕಟವೊಂದನ್ನು ಹಿರಿಯರು ಹೇಳಿದ್ದು ನನ್ನ ಮನಸ್ಸಿಗೆ ಹತ್ತಿತು. ಹುಡುಗನೊಬ್ಬನು ತನ್ನ ಭಯವನ್ನು ಅಧ್ಯಾಪಕನ ಮುಂದೆ ಬಿಚ್ಚಿಡುತ್ತಾನೆ. ಸಂಜೆ ತರಬೇತುದಾರನು ಬಂದು, ‘ನಾಳೆ ಅವನನ್ನು ಆಡಿಸಲೇ ಬೇಡವೇ? ನಿಮಗೆ ಏನು ಹೇಳಿದ?’ ಎಂದು ಕೇಳುತ್ತಾನೆ. ಸಂಬಳ ಕೊಡುವುದು ಸಂಸ್ಥೆ, ನಂಬಿದ್ದು ಹುಡುಗ. ಹೇಳಿದರೆ ಮುಂದೆ ಯಾರೂ ಬಾಯಿ ಬಿಡರು. ಖಾತೆದಾರನ ಗುಟ್ಟನ್ನು ಕಾಯುವ ಕಟ್ಟುಪಾಡಿನಲ್ಲಿ ಬೆಳೆದ ನನಗೆ ಇದು ಕೂಡಲೆ ಅರ್ಥವಾಯಿತು. ಅಲ್ಲದೆ, ನಿದ್ರೆ ಹಸಿವುಗಳು ಕೆಟ್ಟು ಬದುಕೇ ಬೇಡವೆನಿಸುವ ಸ್ಥಿತಿಯಿದ್ದರೆ ಅದು ಕ್ರೀಡಾ ಅಧ್ಯಾಪಕನ ಕೆಲಸವಲ್ಲ. ಮನೋವೈದ್ಯರ ಬಳಿಗೋ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಳಿಗೋ ಕಳುಹಿಸಬೇಕು. ಈ ಗೆರೆಯನ್ನು ಅರಿಯುವುದೂ ಪಾಠದ ಭಾಗವೇ.

ಇಷ್ಟರಲ್ಲಿ ಹಿರಿಯರು ನನ್ನತ್ತ ತಿರುಗಿ, ‘ತಾವು ದಿನವೂ ನಡೆಯುತ್ತೀರಾ?’ ಎಂದರು. ನನಗೆ ಸಕ್ಕರೆಯ ಅಂಶ ಗಡಿಯಲ್ಲಿದೆ. ವೈದ್ಯರು ಹೇಳಿ ಒಂದು ವರ್ಷವಾಯಿತು. ಬೂಟು ಕೊಂಡೂ ಒಂದು ವರ್ಷವಾಯಿತು. ಬೂಟು ಪೆಟ್ಟಿಗೆಯಲ್ಲಿಯೇ ಇದೆ. ಆಟಗಾರರದಲ್ಲದ ಈ ಭಾಗಕ್ಕೆ ವ್ಯಾಯಾಮ ಮನಶ್ಶಾಸ್ತ್ರವೆಂದು ಹೆಸರು. ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಕುಳಿತು ದುಡಿಯುವವರಾದ್ದರಿಂದ ನಮಗೆಲ್ಲ ಹೆಚ್ಚು ಬೇಕಾದದ್ದು ಇದೇ.

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಕಡಮೆ. ಬಂದರೂ ಅದರ ತೀವ್ರತೆ ಕಡಮೆ. ಕಾಗದ ಹಂಚುವ ಅಂಚೆಯವರಿಗೂ ಮೇಜಿನ ಮುಂದಿನ ಗುಮಾಸ್ತರಿಗೂ ಇದೇ ಬಗೆಯ ಅಂತರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಮಧ್ಯಮ ಶ್ರಮ ಮಾಡಬೇಕು. 1999ರಲ್ಲಿ ಬ್ಲೂಮೆಂಥಾಲ್ ಮತ್ತು ಸಂಗಡಿಗರು ಖಿನ್ನತೆಯಿದ್ದ, ಐವತ್ತು ವರ್ಷ ದಾಟಿದ 156 ಮಂದಿಯನ್ನು ಪರೀಕ್ಷಿಸಿದಾಗ, ಹದಿನಾರು ವಾರಗಳ ಕೊನೆಯಲ್ಲಿ ವ್ಯಾಯಾಮ ಮಾಡಿದವರೂ ಔಷಧಿ ಸೇವಿಸಿದವರೂ ಹೆಚ್ಚು ಕಡಮೆ ಸಮನಾಗಿ ಸುಧಾರಿಸಿದ್ದರು. (ಇದನ್ನೋದಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸತಕ್ಕದ್ದಲ್ಲ. ನಡೆಯುವಾಗ ಎದೆನೋವು ಕಾಣಿಸಿದರೆ ಮೊದಲು ವೈದ್ಯರು, ಆಮೇಲೆ ನಡಿಗೆ.)

ಇಷ್ಟೆಲ್ಲ ತಿಳಿದಿದ್ದರೂ ನಾವೇಕೆ ಏಳುವುದಿಲ್ಲ? ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟ್ ಎಂಬವರು 1983ರಲ್ಲಿ ಧೂಮಪಾನ ಬಿಡುವವರನ್ನು ಗಮನಿಸಿ, ಮನುಷ್ಯನು ಒಮ್ಮೆಲೇ ಬದಲಾಗುವುದಿಲ್ಲ, ಹಂತಹಂತವಾಗಿ ಬದಲಾಗುತ್ತಾನೆಂದು ತೋರಿಸಿದರು. ವ್ಯಾಯಾಮಕ್ಕೂ ಅದು ಅನ್ವಯಿಸುತ್ತದೆ. ಯೋಚನೆಯೇ ಇಲ್ಲದವನಿಗೂ ಬೂಟು ಕೊಂಡವನಿಗೂ ಒಂದೇ ಉಪದೇಶ ಕೊಟ್ಟರೆ ಎರಡೂ ವ್ಯರ್ಥ. ನನ್ನದು ಸಿದ್ಧತೆಯ ಹಂತವಂತೆ. ನನಗೆ ಬೇಕಾದದ್ದು ಉಪದೇಶವಲ್ಲ, ವೇಳೆ ಮತ್ತು ಸ್ಥಳದ ನಿಶ್ಚಯ. ‘ನಾಳೆಯಿಂದ ನಡೆಯುತ್ತೇನೆ’ ಎಂಬುದಕ್ಕಿಂತ ‘ಇಂಥ ಹೊತ್ತಿಗೆ ಇಂಥ ಕಡೆ ಇಳಿದ ಕೂಡಲೆ ನಡೆಯುತ್ತೇನೆ’ ಎಂಬ ಸಂಕಲ್ಪ ಹೆಚ್ಚು ಫಲಿಸುವುದೆಂದು ಗಾಲ್‌ವಿಟ್ಜರ್ ಎಂಬ ಜರ್ಮನ್ ವಿದ್ವಾಂಸರ ಅಭಿಪ್ರಾಯ. 2024ರಲ್ಲಿ ತ್ರಿಪ್ಪುಣಿತ್ತುರದವರೆಗೆ ಮೆಟ್ರೋ ಬಂದಿರುವುದರಿಂದ, ನಾನು ಈಗ ಕೊನೆಯ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ, ಎಸ್. ಎನ್. ಜಂಕ್ಷನ್ನಿನಲ್ಲಿ ಇಳಿದು ಮನೆಗೆ ನಡೆಯುತ್ತೇನೆ. ಮಳೆಗಾಲದಲ್ಲಿ ನಾಗಾ ಬಿದ್ದದ್ದುಂಟು. ಆದರೂ ಬೂಟಿನ ಅಟ್ಟೆ ಸವೆಯತೊಡಗಿದೆ.

ಇನ್ನು ಅಕ್ಕನ ಪ್ರಶ್ನೆ, ಅಂದರೆ ಅನ್ನದ ಪ್ರಶ್ನೆ. ಈ ಅಧ್ಯಾಪಕ ವೃತ್ತಿಗೆ ಎರಡು ಬಾಗಿಲುಗಳು. ಒಂದು ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್ಸಿ., ಇನ್ನೊಂದು ದೈಹಿಕ ಶಿಕ್ಷಣದ ಎಂ.ಪಿ.ಎಡ್. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 55 ಅಂಕ ಬೇಕು. ಆ ಮೇಲೆ ಯು.ಜಿ.ಸಿ.ಯ ನೆಟ್ ಪರೀಕ್ಷೆ, ಕರ್ನಾಟಕದಲ್ಲಾದರೆ ಕೆ-ಸೆಟ್. 2023ರ ಜುಲೈಯಿಂದ ನೇಮಕಕ್ಕೆ ಪಿಎಚ್.ಡಿ. ಕಡ್ಡಾಯವಲ್ಲವಾದರೂ, ಅದಿಲ್ಲದೆ ಮುಂದಿನ ಮೆಟ್ಟಿಲುಗಳು ಕಠಿನ. ಹಿಂದೆ ಲೆಕ್ಚರರ್ ಎನ್ನುತ್ತಿದ್ದ ಹುದ್ದೆಗೆ ಈಗ ಸಹಾಯಕ ಪ್ರಾಧ್ಯಾಪಕ ಎಂದು ಹೆಸರು. ಏಳನೆಯ ವೇತನ ಶ್ರೇಣಿಯಲ್ಲಿ ಆರಂಭದ ಮೂಲವೇತನ 57,700 ರೂಪಾಯಿ. ಇದು ಕಾಯಂ ಹುದ್ದೆಯ ಮಾತು. ಕಾಯಂ ಹುದ್ದೆಗಳು ವಿರಳ. ಅನೇಕರು ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಕಳೆಯುತ್ತಾರೆ. 2019ರಲ್ಲಿ ಯು.ಜಿ.ಸಿ. ಸೂಚಿಸಿದ್ದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಐವತ್ತು ಸಾವಿರದ ಮಿತಿ. ಆ ದರ ಎಲ್ಲ ಕಾಲೇಜುಗಳಲ್ಲೂ ಕೈಗೆ ಬರುವುದೆಂದು ನಂಬಿ ಯಾರೂ ಗೃಹಸಾಲಕ್ಕೆ ಅರ್ಜಿ ಹಾಕಬಾರದು. ಕಾಲೇಜಿನ ಹೊರಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿಯೂ ಖಾಸಗಿ ಅಕಾಡೆಮಿಗಳಲ್ಲಿಯೂ ಕೆಲಸವುಂಟು. ಬ್ರಿಟನ್ನಿನಲ್ಲಿ ಕ್ರೀಡಾ ಮತ್ತು ವ್ಯಾಯಾಮ ಮನಶ್ಶಾಸ್ತ್ರಜ್ಞನೆಂಬ ಹೆಸರನ್ನು 2009ರಿಂದ ನೋಂದಣಿಯಿಲ್ಲದವರು ಬಳಸುವಂತಿಲ್ಲ. ನಮ್ಮಲ್ಲಿ ಇನ್ನೂ ಅಂಥ ಬಿಗಿಯಿಲ್ಲದ ಕಾರಣ, ಎರಡು ದಿನದ ಶಿಬಿರ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಮಕ್ಕಳನ್ನು ಕರೆದೊಯ್ಯುವ ತಂದೆ ತಾಯಿಗಳು ಮೊದಲು ಪದವಿಪತ್ರವನ್ನು ಕೇಳಿ ನೋಡುವುದು ಲೇಸು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಳ್ಳೆಯದನ್ನು ಎಡಕ್ಕೂ ಕೆಟ್ಟದ್ದನ್ನು ಬಲಕ್ಕೂ ಹಾಕಿ ಅಕ್ಕನಿಗೆ ಓದಿ ಹೇಳಿದೆ. ‘ಪೆನ್ಷನ್ ಇದೆಯೇನೋ?’ ಎಂದಳು. ಕರ್ನಾಟಕದಲ್ಲಿ 2006ರ ಏಪ್ರಿಲಿನಿಂದಲೂ ಕೇರಳದಲ್ಲಿ 2013ರ ಏಪ್ರಿಲಿನಿಂದಲೂ ಹೊಸದಾಗಿ ಸರ್ಕಾರಿ ಸೇವೆಗೆ ಸೇರಿದವರಿಗೆ ವಂತಿಗೆಯ ಪೆನ್ಷನ್ ಎಂದು ವಿವರಿಸಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, ‘ಸರಿ, ಅರ್ಜಿ ಹಾಕ್ಲಿ. ಬ್ಯಾಂಕ್ ಪರೀಕ್ಷೆಗೂ ಒಂದು ಹಾಕಿಸಿಡು’ ಎಂದಳು. ಎರಡನ್ನೂ ಹಾಕಿಸಿದ್ದೇನೆ. ಸೊಸೆಗೆ ಎಂ.ಎಸ್ಸಿ.ಯಲ್ಲಿ ಸ್ಥಳ ದೊರೆತು ತರಗತಿಗಳು ಆರಂಭವಾಗಿವೆ. ಪ್ರಬಂಧಕ್ಕಾಗಿ ಶಾಲೆಯ ಹುಡುಗಿಯರು ಆಯ್ಕೆಯ ದಿನ ಅನುಭವಿಸುವ ಆತಂಕವನ್ನು ಅಳೆಯಬೇಕೆಂದಿದ್ದಾಳೆ. ಪ್ರಶ್ನಾವಳಿಯನ್ನು ಮಲಯಾಳದೊಡನೆ ಕನ್ನಡದಲ್ಲಿಯೂ ಸಿದ್ಧಪಡಿಸುವ ಆಸೆ ಆಕೆಗಿದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪರಿಚಯವಿರುವ ಸದಸ್ಯರು ಸಂಘದ ಮೂಲಕ ತಿಳಿಸಿದರೆ ಉಪಕಾರವಾಗುತ್ತದೆ.